ಸೋಮವಾರದ ಹನ್ನೊಂದು ಕತ್ತುಗಳು

ಶೇವರಿನ ಜಾಲರಿ ಮುಚ್ಚಳ ತೆಗೆದು ಕಾಗದದ ಮೇಲೆ ಕುಟ್ಟಿದರೆ ಒಳಗಿನಿಂದ ಬೂದಿ ಬಣ್ಣದ ಹಿಟ್ಟು ಬೀಳುತ್ತದೆ. ಅದನ್ನು ಬರೀ ಕೂದಲು ಎಂದು ತಿಳಿದರೆ ತಪ್ಪು. ಅರ್ಧ ಕೂದಲು, ಇನ್ನರ್ಧ ಮನುಷ್ಯರ ಚರ್ಮ. ಬೆವರು, ಪೌಡರು, ಮಿಷನ್ ಎಣ್ಣೆ ಸೇರಿ ಹಳಸಿದ ವಾಸನೆ ಅದಕ್ಕೆ. ಇಪ್ಪತ್ತೆರಡು ವರ್ಷ ಕೂದಲಿನ ನಡುವೆ ಬದುಕಿದವನು ನಾನು. ಅನ್ನದಲ್ಲಿ ಕೂದಲು ಸಿಕ್ಕರೆ ತೆಗೆದು ಪಕ್ಕಕ್ಕಿಟ್ಟು ಊಟ ಮುಂದುವರಿಸುತ್ತೇನೆ. ಆ ಹಿಟ್ಟು ಬಿದ್ದ ಕಾಗದವನ್ನು ಮಾತ್ರ ಈಗಲೂ ಮುಖ ತಿರುಗಿಸಿಕೊಂಡೇ ಮಡಿಸುತ್ತೇನೆ. ಹಿಂದೆ ಅದನ್ನು ದಿನಕ್ಕೊಂದೇ ಸಲ, ಅಂಗಡಿ ಮುಚ್ಚುವಾಗ ಕುಟ್ಟುತ್ತಿದ್ದೆ. ಬೆಳಗಿನ ಗಿರಾಕಿಯ ಚರ್ಮ ಸಂಜೆಯ ಗಿರಾಕಿಯವರೆಗೂ ಅದರೊಳಗೇ ಇರುತ್ತಿತ್ತು. ಇದನ್ನು ಹೇಳದೆ ಮುಂದಿನದನ್ನು ಹೇಳಲಾರೆ.

ನನ್ನ ಅಂಗಡಿ ಮಾಲೂರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿದೆ. ಎರಡು ಕುರ್ಚಿ. ಒಂದರ ಹಿಂದೆ ನಾನು, ಇನ್ನೊಂದರ ಹಿಂದೆ ನನ್ನ ಬಾಮೈದ. ಇದು ನಮ್ಮ ಕುಲಕಸುಬು. ನಮ್ಮಪ್ಪ ಹಳ್ಳಿಯಲ್ಲಿ ಜಗಲಿಯ ಮೇಲೆ ಕೂರಿಸಿ ಮಾಡುತ್ತಿದ್ದ ಕೆಲಸವನ್ನು ನಾನು ಕನ್ನಡಿ ಮುಂದೆ ಕೂರಿಸಿ ಮಾಡುತ್ತೇನೆ, ಅಷ್ಟೇ ವ್ಯತ್ಯಾಸ. ಮಂಗಳವಾರ ರಜೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿದರೆ ಊಟಕ್ಕೂ ಪುರುಸೊತ್ತಿಲ್ಲ. ವಾರವೆಲ್ಲ ಬೆಂಗಳೂರಿನ ರೈಲು ಹತ್ತುವವರು, ಫ್ಯಾಕ್ಟರಿಯವರು, ಇಟ್ಟಿಗೆ ಗೂಡಿನವರು ಎಲ್ಲರೂ ಆ ಒಂದೇ ದಿನ ತಲೆ ಹೊತ್ತುಕೊಂಡು ಬರುತ್ತಾರೆ.

ಕೆಲವು ವರ್ಷದ ಹಿಂದೆ ಈ ಫೇಡ್ ಬಂತು. ಕಿವಿಯ ಪಕ್ಕ ಮತ್ತು ಕತ್ತಿನ ಹಿಂದೆ ಚರ್ಮ ಕಾಣುವಷ್ಟು ಬೋಳಿಸಬೇಕು. ಮೇಲಕ್ಕೆ ಹೋದ ಹಾಗೆ ಕೂದಲು ದಟ್ಟವಾಗುತ್ತ ಹೋಗಬೇಕು. ಎಲ್ಲಿ ಶುರುವಾಯಿತು ಎಂಬ ಗೆರೆ ಕಾಣಬಾರದು. ಫೋನಿನಲ್ಲಿ ವಿಡಿಯೋ ನೋಡಿ, ಬಾಮೈದನ ತಲೆಯ ಮೇಲೆ ಅಭ್ಯಾಸ ಮಾಡಿ ಕಲಿತೆ. ಮೊದಲೆರಡು ಸಲ ಅವನು ಟೋಪಿ ಹಾಕಿಕೊಂಡೇ ಓಡಾಡಿದ. ಟ್ರಿಮ್ಮರಿನಿಂದ ಕಿವಿಯ ಮೇಲಿಂದ ಹಿಂದಲೆಯ ಸುತ್ತ ಒಂದು ಗೆರೆ ಹಾಕಿ, ಅದರ ಕೆಳಗಿನದನ್ನು ಬಾಚಣಿಗೆಯಂಥ ಗಾರ್ಡ್ ಸಿಕ್ಕಿಸದ ಮಿಷನ್ನಿನಿಂದ ತೆಗೆದು, ಆಮೇಲೆ ಶೇವರ್ ಓಡಿಸಬೇಕು. ಅರ್ಧ ಇಂಚು ಮೇಲೆ, ಕೂದಲಿನ ಉದ್ದ ಹೊಂದಿಸುವ ಮಿಷನ್ನಿನ ಲಿವರ್ ತೆರೆದು ಇನ್ನೊಂದು ಸುತ್ತು. ಅದರ ಮೇಲೆ ಒಂದನೇ ಗಾರ್ಡ್, ಆಮೇಲೆ ಎರಡನೆಯದು. ಕೊನೆಗೆ ಲಿವರನ್ನು ಒಂದಿಷ್ಟೊಂದಿಷ್ಟೇ ಮುಚ್ಚುತ್ತ, ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿ, ಗೆರೆಗಳನ್ನು ಒಂದೊಂದಾಗಿ ಅಳಿಸಬೇಕು. ಅಷ್ಟು ಹೊತ್ತೂ ಎಡ ಮುಂಗೈ ಗಿರಾಕಿಯ ಕತ್ತಿನ ಮೇಲೆ ಊರಿರಬೇಕು, ಇಲ್ಲದಿದ್ದರೆ ಬಲಗೈ ನಡುಗುತ್ತದೆ.

ಕತ್ತರಿ ಬಾಚಣಿಗೆಯ ಕಾಲದಲ್ಲಿ ಕಬ್ಬಿಣ ಚರ್ಮಕ್ಕೆ ತಾಗುತ್ತಲೇ ಇರಲಿಲ್ಲ. ಫೇಡ್‌ನಲ್ಲಿ ಕತ್ತಿನ ಸುತ್ತ ಚರ್ಮವನ್ನು ಹೆರೆದ ಹಾಗೇ ಆಗುತ್ತದೆ. ಕಣ್ಣಿಗೆ ಕಾಣದ ಗೀರುಗಳು ನೂರಾರು. ಅದೂ ಹತ್ತು ದಿನಕ್ಕೊಮ್ಮೆ, ಯಾಕೆಂದರೆ ಹನ್ನೊಂದನೇ ದಿನಕ್ಕೆ ಫೇಡ್ ಕೆಡುತ್ತದೆ. ಆ ಹೆರೆದ ಚರ್ಮಕ್ಕೆ ನಾವು ಕೊನೆಯಲ್ಲಿ ಏನು ಮಾಡುತ್ತಿದ್ದೆವು ಗೊತ್ತೇ? ಪಟಿಕದ ಕಲ್ಲು ಉಜ್ಜುತ್ತಿದ್ದೆವು. ನಮ್ಮಪ್ಪ ಬಿಟ್ಟುಹೋದ ಕಲ್ಲು, ಸೋಪಿನ ಗಾತ್ರದ್ದು, ಬಳಸಿ ಬಳಸಿ ನಡುವೆ ತಗ್ಗಾಗಿತ್ತು. ಪಟಿಕ ಹಾಕಿದ ಚರ್ಮಕ್ಕೆ ಯಾವ ಕಾಯಿಲೆಯೂ ಬರುವುದಿಲ್ಲ ಎಂದು ಅಪ್ಪ ಹೇಳಿದ್ದ. ನಾನು ಅದನ್ನೇ ಬಾಮೈದನಿಗೂ ಹೇಳಿದೆ. ಒಬ್ಬನ ಕತ್ತಿಗೆ ಉಜ್ಜಿ, ಅದೇ ಬಟ್ಟಲಿನ ನೀರಿನಲ್ಲಿ ಅದ್ದಿ, ಮುಂದಿನವನ ಕತ್ತಿಗೆ ಉಜ್ಜುವುದು. ಕಲ್ಲೇ ಔಷಧ ಎಂದಮೇಲೆ ಕಲ್ಲನ್ನು ತೊಳೆಯುವವರು ಯಾರು? ಭಾನುವಾರ ಸಂಜೆಗೆ ಆ ಬಟ್ಟಲಿನ ನೀರು ಅಕ್ಕಚ್ಚಿನಂತಾಗುತ್ತಿತ್ತು.

ಮೊದಲ ಉಂಗುರ ಕಾಣಿಸಿಕೊಂಡದ್ದು ನನ್ನ ಮೈಮೇಲೆಯೇ. ಎಡ ಮುಂಗೈಯಲ್ಲಿ, ಕತ್ತಿನ ಮೇಲೆ ಊರುವ ಜಾಗದಲ್ಲಿ. ಸುತ್ತ ಕೆಂಪು ಅಂಚು, ನಡುವೆ ಹೊಟ್ಟು ಏಳುವ ಚರ್ಮ, ಬೆವರಿದರೆ ಜೀವ ಹೋಗುವಂಥ ನವೆ. ಹುಳುಕಡ್ಡಿ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಸುಬಿನವರಿಗೆ ಗೊತ್ತಾಗದೆ ಇರುವುದಿಲ್ಲ. ಎಲ್ಲಿಂದ ಬಂತು ಎನ್ನುವುದೂ ಒಳಗೊಳಗೇ ಗೊತ್ತಿತ್ತು. ಮೆಡಿಕಲ್ ಷಾಪಿನವನು ಒಂದು ಟ್ಯೂಬ್ ಕೊಟ್ಟ. ನಾಲ್ಕು ದಿನದಲ್ಲಿ ನವೆ ಹೋಯಿತು, ಎಂಟನೇ ದಿನಕ್ಕೆ ಎರಡರಷ್ಟಾಗಿ ಬಂತು. ನಾನು ತುಂಬು ತೋಳಿನ ಅಂಗಿ ಹಾಕಿಕೊಂಡು, ಮಣಿಕಟ್ಟಿನ ಗುಂಡಿ ಬಿಗಿದು, ಕೆಲಸ ಮುಂದುವರಿಸಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಆಮೇಲೆ ಕುರ್ಚಿಯಲ್ಲಿ ಕೂತವರ ಕತ್ತುಗಳಲ್ಲಿ ಕಾಣತೊಡಗಿತು. ಒಬ್ಬನಿಗೆ ಕಿವಿಯ ಹಿಂದೆ, ಇನ್ನೊಬ್ಬನಿಗೆ ಹಿಂದಲೆಯ ಅಂಚಿನಲ್ಲಿ. ಸೆಖೆ ಜಾಸ್ತಿ ಎಂದೆ. ಹೆಲ್ಮೆಟ್ ಎಂದೆ. ನೀರು ಸರಿಯಿಲ್ಲ ಎಂದೂ ಹೇಳಿದೆ. ಬಾಮೈದನಂತೂ ಗಿರಾಕಿಗಳಿಗೇ ಸ್ವಚ್ಛತೆಯ ಪಾಠ ಮಾಡುತ್ತಿದ್ದ, ಬಾಚಣಿಗೆಯನ್ನು ತನ್ನ ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ. ನೋಡಿದರೆ ನಗು ಬರಬೇಕಿತ್ತು, ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ.

ನಾನು ಹೇಳಹೊರಟಿರುವುದು ಅವರಲ್ಲೊಬ್ಬನ ವಿಷಯ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಅವರ ಮನೆಯ ಮದುವೆಗಳಲ್ಲಿ ಗಂಡಿಗೆ ಕ್ಷೌರ ಮಾಡುವುದು ಅವನ ತಾತನ ಕಾಲದಿಂದ ನಮ್ಮ ಮನೆಯವರೇ. ಸುಗಟೂರಿನ ಆಚೆಯ ಹಳ್ಳಿಯೊಂದರ ಹುಡುಗಿಯ ಜೊತೆ ನಿಶ್ಚಿತಾರ್ಥವಾಗಿತ್ತು. ನಾಲ್ಕು ತಿಂಗಳಿಗೆ ಮದುವೆ. ಖುಷಿಯಲ್ಲಿ ವಾರಕ್ಕೊಮ್ಮೆ ಬಂದು ಫೇಡ್ ಮಾಡಿಸಿಕೊಳ್ಳುತ್ತಿದ್ದ. ಅವನ ಬಲಗಿವಿಯ ಕೆಳಗೆ ಉಂಗುರ ಎದ್ದಾಗ ನಾನು ಡಾಕ್ಟರ ಹತ್ತಿರ ಹೋಗು ಎನ್ನಲಿಲ್ಲ. ಹೋದರೆ ಎಲ್ಲಿ ಕಟಿಂಗ್ ಮಾಡಿಸುತ್ತೀಯ ಎಂದು ಅವರು ಕೇಳುತ್ತಾರಲ್ಲ. ನನ್ನ ಟ್ಯೂಬಿನ ಹೆಸರನ್ನೇ ಚೀಟಿಯಲ್ಲಿ ಬರೆದುಕೊಟ್ಟೆ.

ಅವನು ಅದನ್ನು ಐದಾರು ವಾರ ದಿನಕ್ಕೆ ಮೂರು ಸಲ ಹಚ್ಚಿದ. ನವೆ ಒಮ್ಮೆ ಅಡಗುತ್ತಿತ್ತು, ಒಮ್ಮೆ ಎಗರುತ್ತಿತ್ತು, ಉಂಗುರ ಅಗಲವಾಗುತ್ತ ಹೋಯಿತು. ಕೊನೆಗೆ ನಡುವಿನ ಚರ್ಮ ತೆಳ್ಳಗಾಗಿ ಬಿಳುಪಾಯಿತು. ಹಿಂದೆಲ್ಲ ಕತ್ತಿನ ಮೇಲೆ ಒಂದಿಷ್ಟು ಕೂದಲಿರುತ್ತಿತ್ತು, ಏನಾದರೂ ಮುಚ್ಚಿಕೊಳ್ಳುತ್ತಿತ್ತು. ಫೇಡ್ ಮಾಡಿದ ಕತ್ತಿನಲ್ಲಿ ಅಡಗಿಸುವುದಕ್ಕೆ ಜಾಗವೇ ಇಲ್ಲ. ಲಗ್ನಪತ್ರಿಕೆಯ ಮಾತಿಗೆಂದು ಹುಡುಗಿಯ ತಂದೆ ಬಂದವರು ಇವನ ಹಿಂದೆ ಕೂತು ಕಾಫಿ ಕುಡಿದಿದ್ದಾರೆ. ಮನೆಗೆ ಹೋಗಿ ಫೋನ್ ಮಾಡಿ, ಹುಡುಗನಿಗೆ ತೊನ್ನಿದೆ, ನಮ್ಮಿಂದ ಮುಚ್ಚಿಟ್ಟಿದ್ದೀರಿ, ಪತ್ರಿಕೆ ಅಚ್ಚು ಹಾಕಿಸಬೇಡಿ ಎಂದಿದ್ದಾರೆ.

ಮಾರನೆಯ ದಿನ ಹುಡುಗ ಅಂಗಡಿಗೆ ಬಂದ. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ.

“ಅಣ್ಣಾ, ಶನಿವಾರ ಅವರ ಕಡೆಯವರು ಇನ್ನೊಂದ್ ಸಲ ನೋಡಕ್ ಬರ್ತಾರಂತೆ. ಇದು ಕಾಣ್ದಿರೋ ಹಂಗೆ ಏನಾದ್ರೂ ಮಾಡಾಕಾಗುತ್ತಾ?” ಎಂದ.

ಆಗುವುದಿಲ್ಲ ಎನ್ನಬೇಕಿತ್ತು. ನಾನು ಶನಿವಾರ ಬೆಳಿಗ್ಗೆ ಅವನನ್ನು ಕೂರಿಸಿ, ಗಡ್ಡದ ಗೆರೆ ತುಂಬಲು ಬಳಸುವ ಕಂದು ಪುಡಿಗೆ ಚೂರು ಕಪ್ಪು ಡೈ ಬೆರೆಸಿ, ಅವನ ಚರ್ಮದ ಬಣ್ಣ ಬರುವವರೆಗೆ ಗಾಜಿನ ಮೇಲೆ ತೇಯ್ದು, ಬಿಳಿ ಮಚ್ಚೆಯ ಮೇಲೆ ಸ್ಪಂಜಿನಿಂದ ಒತ್ತಿದೆ. ಒತ್ತುವಾಗ ಹೊಟ್ಟು ಎದ್ದು ಸ್ಪಂಜಿಗೆ ಅಂಟಿತು. ಬಣ್ಣ ಚೆನ್ನಾಗಿಯೇ ಕೂತಿತು, ಕೆಲಸಗಾರನಾಗಿ ಒಂದು ಗಳಿಗೆ ಹೆಮ್ಮೆಯೂ ಆಯಿತು. ಹನ್ನೆರಡು ಗಂಟೆಯ ಬಿಸಿಲಿಗೆ ಅವನು ಬೆವರಿದ. ಹುಡುಗಿಯ ಸೋದರಮಾವನ ಎದುರಿಗೆ, ಬಿಳಿ ಅಂಗಿಯ ಕಾಲರಿನ ಮೇಲೆ ಕಂದು ನೀರು ಇಳಿಯಿತಂತೆ. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ತೊನ್ನು ಎಂಬ ಅನುಮಾನದ ಜೊತೆಗೆ ಮೋಸ ಎಂಬ ಮಾತೂ ಸೇರಿಕೊಂಡಿತು.

ಅದಾದ ಮೇಲೆ ಕೋಲಾರದ ಚರ್ಮದ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋದೆ. ಆಕೆ ಮಚ್ಚೆಯ ಅಂಚನ್ನು ಮೊಂಡು ಬ್ಲೇಡಿನಿಂದ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಾಕಿ, ಒಂದು ಹನಿ ಔಷಧ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತೊನ್ನಲ್ಲ, ಹುಳುಕಡ್ಡಿ, ಶಿಲೀಂಧ್ರದ ಸೋಂಕು ಎಂದರು. ತೊನ್ನಾಗಿದ್ದರೂ ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಅದಕ್ಕೆ ಮದುವೆ ನಿಲ್ಲಿಸುವವರನ್ನು ಕಂಡರೆ ತಮಗೆ ಅಸಹ್ಯ ಎಂದೂ ಹೇಳಿದರು. ಯಾವ ಟ್ಯೂಬ್ ಹಚ್ಚಿದೆ ಎಂದು ಕೇಳಿದಾಗ ಹುಡುಗ ಜೇಬಿನಿಂದ ನನ್ನ ಕೈಬರಹದ ಚೀಟಿಯನ್ನೇ ತೆಗೆದು ಕೊಟ್ಟ. ಅದರಲ್ಲಿ ಸ್ಟಿರಾಯ್ಡ್ ಇದೆ, ಮೇಲೆ ನವೆ ಅಡಗಿಸಿ ಒಳಗೆ ಸೋಂಕು ಬೆಳೆಸುತ್ತದೆ, ಚರ್ಮದ ಬಣ್ಣ ಹೋಗಿರುವುದೂ ಅದರಿಂದಲೇ ಎಂದರು. ಕೊನೆಗೆ ಕಟಿಂಗ್ ಎಲ್ಲಿ ಎಂಬ ಪ್ರಶ್ನೆ ಬಂದೇ ಬಂತು.

“ಇವರ ಹತ್ರಾನೇ,” ಎಂದ ಹುಡುಗ, ನನ್ನ ಕಡೆ ನೋಡದೆ.

ಡಾಕ್ಟರು ನನ್ನ ಬಿಗಿದ ತೋಳಿನ ಗುಂಡಿಯನ್ನು ಒಂದು ಸಲ ನೋಡಿದರು. ತೋರಿಸು ಎಂದು ಕೇಳಲಿಲ್ಲ. ಏನು ಮಾಡಬೇಕೆಂದು ನಿಧಾನವಾಗಿ ಹೇಳಿದರು. ಪ್ರತಿ ತಲೆಯಾದ ಮೇಲೆ ಬ್ಲೇಡ್ ಬಿಚ್ಚಿ, ಬ್ರಷ್ಷಿನಿಂದ ಕೂದಲು ತೆಗೆದು, ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿಡಬೇಕು. ಒಬ್ಬರಿಗೆ ಒಂದೇ ಟವೆಲ್, ಆಮೇಲೆ ಬಿಸಿನೀರಿನಲ್ಲಿ ಒಗೆತ. ಪೌಡರ್ ಹಚ್ಚುವ ಪಫ್ ಬೇಡ. ಸೋಂಕಿರುವವರಿಗೆ ವಾಸಿಯಾಗುವವರೆಗೆ ಮಿಷನ್ ಮುಟ್ಟಿಸಬಾರದು. ನಾನು ಪಟಿಕದ ವಿಷಯ ಕೇಳಿದೆ. ಪಟಿಕ ರಕ್ತ ನಿಲ್ಲಿಸುತ್ತದೆ, ಇದನ್ನು ಕೊಲ್ಲುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹೊತ್ತುಕೊಂಡು ಹೋಗುತ್ತದೆ ಎಂದರು. ಅಪ್ಪನ ಮಾತು ಸುಳ್ಳಾಗಿದ್ದಕ್ಕೆ ನನಗೆ ಅಂದು ಆಕೆಯ ಮೇಲೇ ಸಿಟ್ಟು ಬಂದಿತ್ತು.

ಡಾಕ್ಟರ ಚೀಟಿ ಹುಡುಗಿಯ ಮನೆಗೆ ಹೋಯಿತು. ಚೀಟಿ ಯಾರು ಬೇಕಾದರೂ ಬರೆಸಿಕೊಂಡು ಬರುತ್ತಾರೆ, ಬಣ್ಣ ಬಳಿದುಕೊಂಡು ಕೂತವನು ಚೀಟಿ ತರಲಾರನೇ ಎಂದರಂತೆ ಅವಳ ತಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಬಣ್ಣ ಬಳಿದವನು ನಾನು. ಈ ಉಂಗುರ ನನ್ನ ಮಿಷನ್ನಿನಿಂದ ಬಂತು, ಬಿಳುಪು ನನ್ನ ಟ್ಯೂಬಿನಿಂದ ಬಂತು ಎಂದು ನಾನೇ ಹೋಗಿ ಹೇಳಿದರೆ ಮಾತ್ರ ಅವರು ನಂಬಬಹುದಿತ್ತು. ಅದು ನನಗೆ ಕೋಲಾರದಿಂದ ಬಂದ ದಿನವೇ ಹೊಳೆದಿತ್ತು. ಹೊಳೆದ ಮೇಲೂ ಹದಿನೆಂಟು ದಿನ ಸುಮ್ಮನಿದ್ದೆ.

ಬಾಮೈದನ ವಾದ ಸರಳ. ಮಾಲೂರಿನಲ್ಲಿ ಮಿಷನ್ ಇರುವುದು ನಮ್ಮೊಬ್ಬರ ಹತ್ತಿರವೇ? ಎಲ್ಲ ಅಂಗಡಿಯಲ್ಲೂ ಇದೇ ಕಥೆ. ಬಾಯಿ ಬಿಟ್ಟವನ ಅಂಗಡಿ ಮಾತ್ರ ಮುಳುಗುತ್ತದೆ.

“ಭಾವ, ನಾವಾಗಿ ನಾವೇ ಹೋಗಿ ಹೇಳ್ಕೊಂಡ್ರೆ, ನಾಳೆ ಯಾವನು ನಮ್ ಕೈಗೆ ತಲೆ ಕೊಡ್ತಾನೆ?” ಎಂದ.

ಹಾಗೆಂದು ಏನೂ ಮಾಡಲಿಲ್ಲವೆಂದಲ್ಲ. ಸ್ಪಿರಿಟ್ ಬಾಟಲಿ ತಂದೆ, ಸ್ಟೀಲ್ ಡಬ್ಬಿ ತಂದೆ. ಮೊದಲ ದಿನ ಪ್ರತಿ ತಲೆಗೂ ಬ್ಲೇಡ್ ಬಿಚ್ಚಿ ಮುಳುಗಿಸಿಟ್ಟೆ. ಇದ್ದದ್ದು ಒಂದೇ ಒಳ್ಳೆಯ ಮಿಷನ್. ಭಾನುವಾರ ಹನ್ನೆರಡು ಜನ ಬೆಂಚಿನ ಮೇಲೆ ಕೂತು ಗಡಿಯಾರ ನೋಡುವಾಗ ಹತ್ತು ನಿಮಿಷ ಯಾರು ಕೊಡುತ್ತಾರೆ? ಹತ್ತು ನಿಮಿಷ ಎರಡಾಯಿತು. ಆಮೇಲೆ ಹತ್ತಿಯಿಂದ ಒರೆಸುವುದಾಯಿತು. ಎರಡನೇ ಭಾನುವಾರದ ಹೊತ್ತಿಗೆ ಬಾಟಲಿ ಕನ್ನಡಿಯ ಮುಂದೆ ಇತ್ತು, ಗಿರಾಕಿಗಳು ನೋಡಿ ಮೆಚ್ಚಿಕೊಳ್ಳುತ್ತಿದ್ದರು, ಅದರ ಮುಚ್ಚಳವನ್ನು ನಾನು ದಿನಕ್ಕೊಂದು ಸಲವೂ ತೆರೆಯುತ್ತಿರಲಿಲ್ಲ. ಪಟಿಕದ ಕಲ್ಲು ಮಾತ್ರ ಡ್ರಾಯರಿಗೆ ಹೋಗಿತ್ತು, ಅದೂ ಕೇಳಿದವರಿಗೆ ಹೊರಬರುತ್ತಿತ್ತು.

ಒಂದು ಸೋಮವಾರ ಸಂಜೆ ಹುಡುಗ ಬಂದು ಬೆಂಚಿನ ಮೇಲೆ ಕೂತ. ಕಟಿಂಗಿಗಲ್ಲ. ಬುಧವಾರ ಅವರು ನಿಶ್ಚಿತಾರ್ಥದ ಸೀರೆ, ತಾಂಬೂಲ ಎಲ್ಲ ವಾಪಸ್ ಕಳಿಸುತ್ತಾರಂತೆ ಎಂದ. ಹುಡುಗಿ ಅವನಿಗೆ ಫೋನ್ ಮಾಡಿ, ನನಗೆ ನಿನ್ನ ಮೇಲೆ ನಂಬಿಕೆ ಇದೆ, ಅಪ್ಪನಿಗೆ ಇಲ್ಲ ಎಂದಿದ್ದಳು. ಇಷ್ಟು ಹೇಳಿದವನು, ಬಂದು ಒಂದು ಮಾತು ಹೇಳು ಎಂದು ಕೇಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವನು ಕತ್ತಿನ ಸುತ್ತ ಕರವಸ್ತ್ರ ಕಟ್ಟಿಕೊಂಡಿದ್ದ, ಆ ಸೆಖೆಯಲ್ಲಿ. ನಾನು ಮಂಗಳವಾರ ಹೋಗುತ್ತೇನೆ ಎಂದು ಹೇಳಿಬಿಟ್ಟೆ.

ಮಂಗಳವಾರ ಬೆಳಿಗ್ಗೆ ಕೋಲಾರಕ್ಕೆ ಹೋಗಿ, ಸುಗಟೂರಿನ ಬಸ್ಸು ಹತ್ತಿದೆ. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಕೂತಾಗ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಸ್ವಂತ ಅಂಗಡಿಯನ್ನೇ ಪಣಕ್ಕಿಟ್ಟು ಇನ್ನೊಬ್ಬರ ಮದುವೆ ಉಳಿಸಲು ಹೊರಟವನು ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ.

ಹುಡುಗಿಯ ಮನೆಯವರು ರೇಷ್ಮೆ ಹುಳು ಸಾಕುವವರು. ಮನೆಯ ಪಕ್ಕದಲ್ಲೇ ಹುಳುಮನೆ, ಹಿಂದೆ ಹಿಪ್ಪುನೇರಳೆ ತೋಟ. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಸೊಪ್ಪು ತಿನ್ನುತ್ತಿದ್ದವು. ಮಳೆ ಬಂದ ಹಾಗೆ ಅದರ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಮನೆಯೆಂದುಕೊಂಡು ಆ ಬಾಗಿಲಿನ ಕಡೆ ಹೆಜ್ಜೆ ಹಾಕಿದ್ದೇ ತಡ, ಹುಡುಗಿಯ ತಂದೆ ಅಲ್ಲೇ ನಿಲ್ಲಲು ಹೇಳಿದರು. ಹೊಸಿಲಿನ ಹೊರಗೆ ಅಗಲವಾದ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿತ್ತು. ಮನೆಯವರೇ ಆದರೂ ಅದರಲ್ಲಿ ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ, ಪರಸ್ಥಳದವರನ್ನು ಬಿಡುವ ಪ್ರಶ್ನೆಯೇ ಇಲ್ಲ ಎಂದರು. ನನ್ನನ್ನು ಮನೆಯ ಜಗಲಿಯ ಮೇಲೆ ಕೂರಿಸಿದರು.

ನಾನು ಹೇಳಿದೆ. ಮಿಷನ್ನಿನ ವಿಷಯ, ಕಲ್ಲಿನ ವಿಷಯ, ಟ್ಯೂಬ್, ಕಂದು ಪುಡಿ, ಎಲ್ಲ. ಅವರು ಮುಖ ಬಿಗಿದುಕೊಂಡೇ ಕೇಳಿದರು. ಕೊನೆಗೆ, ಅವರ ಮನೆಯ ಕ್ಷೌರಿಕ ನೀನು, ಅವರ ಪರವಾಗಿ ಬಂದಿದ್ದೀಯ, ನಿನ್ನ ಮಾತನ್ನು ಹೇಗೆ ನಂಬಲಿ ಎಂದರು. ಆಗ ಗುಂಡಿ ಬಿಚ್ಚಿ ಎಡತೋಳಿನ ಅಂಗಿ ಮಡಿಸಿದೆ. ನನ್ನ ಮನೆಯವಳಿಗೂ ಅದನ್ನು ಸರಿಯಾಗಿ ತೋರಿಸಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗೆ ಮೂರು ಉಂಗುರಗಳು ಒಂದಕ್ಕೊಂದು ಕೂಡಿಕೊಂಡಿದ್ದವು, ಹಳೆಯದರ ನಡುವೆ ಹುಡುಗನ ಕತ್ತಿನಲ್ಲಿದ್ದ ಅದೇ ಬಿಳುಪು. ಬಾಗಿಲಲ್ಲಿ ಕೂತಿದ್ದ ಅಜ್ಜಿ ಮುಂದಕ್ಕೆ ಬಾಗಿ ನೋಡಿದರು.

“ತಾಮರೇನಾ? ಬೊಲ್ಲಿ ಕಾದು ಕದಾ?” ಎಂದು ತೆಲುಗಿನಲ್ಲಿ ಕೇಳಿದರು. ಹುಳುಕಡ್ಡಿಯೇ ತಾನೇ, ತೊನ್ನಲ್ಲವಲ್ಲ ಎಂದು.

ತೊನ್ನಲ್ಲ ಎಂದೆ. ಹುಡುಗಿಯ ತಂದೆ ನನ್ನ ತೋಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿದರು. ನಂಬಿದರು ಎಂದು ಗೊತ್ತಾಯಿತು, ಅವರಿಗೆ ಹೇಸಿಗೆಯಾಗಿತ್ತು.

ಅಷ್ಟರಲ್ಲಿ ಹುಡುಗಿ ಹುಳುಮನೆಯಿಂದ ಸೊಪ್ಪಿನ ಬುಟ್ಟಿ ಹಿಡಿದು ಬಂದಳು. ಬುಟ್ಟಿ ಇಟ್ಟು, ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು, ಜಗಲಿಯ ಕಂಬದ ಹತ್ತಿರ ನಿಂತಳು. ಎಲ್ಲವನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಅಳುತ್ತಾಳೆ, ಇಲ್ಲವೇ ಕೈಮುಗಿಯುತ್ತಾಳೆ ಎಂದುಕೊಂಡೆ.

“ಆ ಮಿಷನ್ ಈಗೆಲ್ಲಿದೆ?” ಎಂದು ಕೇಳಿದಳು.

ಅಂಗಡಿಯಲ್ಲಿದೆ ಎಂದೆ.

“ನಿನ್ನೆ ಅದ್ರಲ್ಲಿ ಎಷ್ಟು ಜನಕ್ಕೆ ಮಾಡಿದ್ರಿ?”

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ. ಹನ್ನೊಂದು ಎಂದೆ.

“ನಮ್ ಹುಳಕ್ಕೆ ಸುಣ್ಣಕಟ್ಟು ಬಂದ್ರೆ ಅದೂ ಇಂಥದ್ದೇ ಕಾಯಿಲೆ ಅಣ್ಣಾ. ಒಂದು ಹುಳ ಬೆಳ್ಳಗೆ ಸುಣ್ಣದ ಕಡ್ಡಿ ಥರ ಬಿದ್ದಿದ್ದು ಕಂಡ್ರೂ ಆ ಹುಳ ಸಾಕೋ ತಟ್ಟೆ ಹೊರಗೆ. ಕೈ ತೊಳೀದೆ ಪಕ್ಕದ ತಟ್ಟೆ ಮುಟ್ಟಲ್ಲ. ನಿಮ್ಗೆ ಡಾಕ್ಟರು ಹೇಳಿ ಎಷ್ಟು ದಿನ ಆಯ್ತು?”

ಹದಿನೆಂಟು ಎಂದೆ. ಅವಳು ತಂದೆಯ ಕಡೆ ತಿರುಗಿ, ಸೀರೆ ವಾಪಸ್ ಕಳಿಸೋದು ಬೇಡ ಎಂದು ಹೇಳಿ ಬುಟ್ಟಿ ಎತ್ತಿಕೊಂಡು ತೋಟದ ಕಡೆ ಹೋದಳು. ತಂದೆ ಎದ್ದು ನಿಂತರು, ಅಂದರೆ ನಾನು ಹೊರಡಬಹುದು ಎಂದು. ಬಂದ ಕೆಲಸ ಆಗಿತ್ತು. ಆದರೂ ವಾಪಸ್ ಬರುವ ಬಸ್ಸಿನಲ್ಲಿ ಬೆಳಗಿನ ಆ ದೊಡ್ಡ ಮನುಷ್ಯನನ್ನು ನೆನೆದು ನನಗೇ ನನ್ನ ಮೇಲೆ ಅಸಹ್ಯವಾಯಿತು. ಒಂದು ಕತ್ತಿನ ಋಣ ತೀರಿಸಲು ಹೊರಟವನು ಹಿಂದಿನ ದಿನವಷ್ಟೇ ಹನ್ನೊಂದು ಕತ್ತುಗಳ ಮೇಲೆ ಅದೇ ಮಿಷನ್ ಓಡಿಸಿದ್ದೆ.

ಆ ಸಂಜೆಯೇ ಅಂಗಡಿಯ ಬಾಗಿಲು ತೆಗೆದು ರಟ್ಟಿನ ಮೇಲೆ ಬರೆದೆ. ಈ ಅಂಗಡಿಯಲ್ಲಿ ಮಿಷನ್ ಹೊಡೆಸಿಕೊಂಡ ಕೆಲವರಿಗೆ ಹುಳುಕಡ್ಡಿ ಬಂದಿದೆ, ತಪ್ಪು ನಮ್ಮದು, ಕತ್ತಿನಲ್ಲಿ ನವೆ ಇದ್ದವರು ಡಾಕ್ಟರಿಗೆ ತೋರಿಸಿ, ಮೆಡಿಕಲ್ ಷಾಪಿನ ಟ್ಯೂಬ್ ಹಚ್ಚಬೇಡಿ, ಮುಂದಿನ ಮಂಗಳವಾರದವರೆಗೆ ಅಂಗಡಿ ಇಲ್ಲ. ನಡುವೆ ಒಂದು ಭಾನುವಾರ ಬರುತ್ತಿತ್ತು. ನಮ್ಮ ಕಸುಬಿನಲ್ಲಿ ಸಾವಾದರೂ ಭಾನುವಾರ ಮುಚ್ಚುವವರು ಕಡಿಮೆ. ಬಾಮೈದ ರಟ್ಟನ್ನು ಓದಿ, ತನ್ನ ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡು ಮುಳಬಾಗಿಲಿನ ತನ್ನ ಅಣ್ಣನ ಮನೆಗೆ ಹೊರಟುಹೋದ.

ಹನ್ನೊಂದು ಜನರಲ್ಲಿ ಎಂಟು ಮಂದಿಯ ಫೋನ್ ನಂಬರ್ ಇತ್ತು. ಒಬ್ಬೊಬ್ಬರಿಗೂ ಮಾಡಿದೆ. ಮೂವರು ಬೈದರು, ಒಬ್ಬನಂತೂ ನಮ್ಮಮ್ಮನನ್ನೂ ಬಿಡಲಿಲ್ಲ. ಇಬ್ಬರು ನಕ್ಕು, ಇದಕ್ಕೆಲ್ಲ ಯಾಕಣ್ಣ ಫೋನ್ ಮಾಡ್ತೀಯ ಎಂದರು. ಬೈದವರಿಗಿಂತ ಇವರ ಮೇಲೇ ನನಗೆ ಸಿಟ್ಟು ಬಂತು. ಮಿಕ್ಕ ಮೂವರು ಡಾಕ್ಟರಿಗೆ ತೋರಿಸುತ್ತೇವೆ ಎಂದರು. ನಂಬರ್ ಇಲ್ಲದ ಇಬ್ಬರ ಮನೆ ಗೊತ್ತಿತ್ತು, ಹೋಗಿ ಹೇಳಿದೆ. ಹನ್ನೊಂದನೆಯವನು ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದ ಪರವೂರಿನವನು, ಅಂದು ಮೊದಲ ಸಲ ಬಂದಿದ್ದ. ಫೇಡ್ ಕೇಳುವಾಗ ಫೋನಿನಲ್ಲಿ ಚಿತ್ರ ತೋರಿಸಿದ್ದ, ಮುಗಿದ ಮೇಲೆ ಕನ್ನಡಿಯಲ್ಲಿ ತಲೆ ತಿರುಗಿಸಿ ತಿರುಗಿಸಿ ನೋಡಿಕೊಂಡು ಖುಷಿಪಟ್ಟಿದ್ದ. ಮೂರು ಗೂಡು ಸುತ್ತಿದೆ. ಅವನು ಸಿಗಲಿಲ್ಲ, ಇವತ್ತಿನವರೆಗೂ ಸಿಕ್ಕಿಲ್ಲ.

ಭಾನುವಾರ ಅರ್ಧ ಶಟರ್ ಇಳಿಸಿಕೊಂಡು ಒಳಗೆ ಕೂತಿದ್ದೆ. ಬಂದವರು ರಟ್ಟನ್ನು ಓದುವುದು ಕೇಳಿಸುತ್ತಿತ್ತು. ಥೂ ಎಂದು ಉಗಿದು ಹೋದವರಿದ್ದರು. ಒಬ್ಬರು ಗಟ್ಟಿಯಾಗಿ ಓದಿ ಮುಗಿಸಿ, ತಮ್ಮ ಕತ್ತು ಕೆರೆದುಕೊಂಡರು. ಆ ಸದ್ದೂ ಕೇಳಿಸಿತು. ನಾನು ಕುರ್ಚಿಗಳನ್ನು ಬಿಚ್ಚಿದೆ. ತಲೆಯೊರಗುವ ದಿಂಬಿನ ಹೊಲಿಗೆಯೊಳಗೆ ವರ್ಷಗಳ ಕೂದಲು ಕೂತು ಜಡೆಯಾಗಿತ್ತು. ಪಫ್, ಹಳೆಯ ಬ್ರಷ್ಷು, ಹೊದಿಸುವ ಬಟ್ಟೆಗಳು, ಎಲ್ಲವನ್ನೂ ಹಿತ್ತಿಲಿಗೆ ಒಯ್ದು ಸುಟ್ಟೆ. ಆ ನಾತ ಎರಡು ದಿನ ಮೂಗಿನಲ್ಲಿತ್ತು. ಅಪ್ಪನ ಪಟಿಕದ ಕಲ್ಲು ಸುಡುವುದಿಲ್ಲ. ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿ ಮೋರಿಗೆ ಸುರಿದೆ. ಅಪ್ಪನ ಕೈಯ ತಗ್ಗಿದ್ದ ಕಲ್ಲದು, ಕುಟ್ಟುವಾಗ ಅಳು ಬಂತು.

ಹದಿನೈದು ದಿನ ಬಿಟ್ಟು ಬಾಮೈದ ವಾಪಸ್ ಬಂದ. ಈಗ ಮೂರು ಮಿಷನ್ನುಗಳಿವೆ. ಒಂದು ಕೈಯಲ್ಲಿದ್ದಾಗ ಎರಡರ ಬ್ಲೇಡುಗಳು ಡಬ್ಬಿಯಲ್ಲಿ ಮುಳುಗಿರುತ್ತವೆ. ಕತ್ತಿಗೆ ಕಾಗದದ ಪಟ್ಟಿ, ತಲೆಗೊಂದು ಟವೆಲ್. ಉಂಗುರ ಕಂಡರೆ ಮಿಷನ್ ಇಲ್ಲ, ಡಾಕ್ಟರ ಹತ್ತಿರ ಹೋಗಿ ಎಂದು ಮುಖಕ್ಕೇ ಹೇಳುತ್ತೇವೆ. ಗಿರಾಕಿಗಳು ಅರ್ಧಕ್ಕರ್ಧ ಬಿಟ್ಟರು. ನನ್ನ ತೋಳು ವಾಸಿಯಾಗಲು ಮಾತ್ರೆ ನುಂಗಿ ಎರಡು ತಿಂಗಳು ಹಿಡಿಯಿತು.

ಹುಡುಗನ ಮದುವೆ ಇಟ್ಟ ಮುಹೂರ್ತಕ್ಕೇ ನಡೆಯಿತು. ಚಪ್ಪರದ ದಿನ ಬೆಳಿಗ್ಗೆ ನನ್ನನ್ನೇ ಕರೆದಿದ್ದರು. ಫೇಡ್ ಬೇಡ ಎಂದ. ನಾನು ಮಿಷನ್ ಒಯ್ದಿರಲೂ ಇಲ್ಲ. ಬಿಡಿಸದ ಬ್ಲೇಡ್ ಪ್ಯಾಕೆಟ್ಟನ್ನು ಅವನ ಕಣ್ಣೆದುರಿಗೇ ಒಡೆದು, ಗಡ್ಡ ಮಾಡಿ, ಹಿಂದಲೆಯ ಕೂದಲನ್ನು ಕತ್ತರಿ ಬಾಚಣಿಗೆಯಲ್ಲೇ ಇಳಿಸಿದೆ. ಬಲಗಿವಿಯ ಕೆಳಗೆ ರೂಪಾಯಿ ಬಿಲ್ಲೆಯಷ್ಟು ಬಿಳುಪು ಇನ್ನೂ ಇತ್ತು. ಅದರ ಮೇಲೆ ಒಂದಿಷ್ಟು ಕೂದಲು ಉಳಿಸಬೇಕೇ ಎಂದು ಕೇಳಿದೆ. ಕಂಡರೆ ಕಾಣಲಿ ಬಿಡಣ್ಣಾ ಎಂದ.

ಕೆಲಸ ಮುಗಿದ ಮೇಲೆ ಅವನ ತಾಯಿ ಪದ್ಧತಿಯ ಪ್ರಕಾರ ತಟ್ಟೆ ತಂದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಹೊಸ ಟವೆಲ್. ಅದರ ಪಕ್ಕದಲ್ಲಿ ದಾರ ಸುತ್ತಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಪೊಟ್ಟಣ.

“ಇದು ಹುಡುಗಿ ಮನೆಯಿಂದ ಬಂದಿದ್ದಪ್ಪಾ. ನಿನ್ಗೇ ಕೊಡ್ಬೇಕು ಅಂತ ಅವ್ಳೇ ಹೇಳಿ ಕಳ್ಸಿದಾಳೆ,” ಎಂದರು.

ಸಿಹಿ ಇರಬೇಕು ಎಂದುಕೊಂಡು ಅಲ್ಲೇ ಗಂಟು ಬಿಚ್ಚಿದೆ. ಘಾಟು ಮೂಗಿಗೆ ಬಡಿಯಿತು. ಬ್ಲೀಚಿಂಗ್ ಪೌಡರ್. ಚಪ್ಪರದಲ್ಲಿದ್ದ ನೆಂಟರು ಅದೇನು ಎಂದು ಕೇಳಿದರು, ಹೇಳಿದೆ. ಕೆಲವರು ನಕ್ಕರು. ಕಿವಿಯವರೆಗೂ ಬಿಸಿಯಾಯಿತು ನನಗೆ, ಆದರೂ ತಟ್ಟೆಯನ್ನು ಹಣೆಗೆ ಮುಟ್ಟಿಸಿಕೊಂಡು ತೆಗೆದುಕೊಂಡೆ.

ಆ ಪುಡಿ ಬ್ಲೇಡಿಗೆ ತಾಗಿದರೆ ತುಕ್ಕು ಹಿಡಿಯುತ್ತದೆ, ಅದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಟವೆಲ್ಲಿಗೆ ಆಗುತ್ತದೆ. ಮಾರನೆಯ ಬೆಳಿಗ್ಗೆ ಬಕೆಟ್ಟಿಗೆ ಎರಡು ಚಮಚ ಹಾಕಿ, ಹಿಂದಿನ ದಿನವಷ್ಟೇ ಬಿಸಿನೀರಿನಲ್ಲಿ ಒಗೆದು ಒಣಗಿಸಿದ್ದ ಟವೆಲ್ಲುಗಳನ್ನು ಮುಳುಗಿಸಿದೆ. ಶುದ್ಧವಾಗಿವೆ ಎಂದೇ ನಂಬಿದ್ದೆ. ಸ್ವಲ್ಪ ಹೊತ್ತಿಗೆ ನೀರು ಶೇವರಿನ ಆ ಹಿಟ್ಟಿನ ಬೂದಿ ಬಣ್ಣಕ್ಕೆ ತಿರುಗಿತು.